ಕೆಲಸಕ್ಕೆ ಬಸ್ಸಿನಲ್ಲಿ ಹೊರಟವರಿಗೆ ಮೊದಲ ವಾರದ ಪಾಠಗಳು

ಬೆಂಗಳೂರು: ಹೊಸ ಕೆಲಸದ ನೇಮಕಾತಿ ಪತ್ರ ಕೈಸೇರಿದ ದಿನ ಸಂಬಳ, ರಜೆ, ಭವಿಷ್ಯನಿಧಿಗಳ ಲೆಕ್ಕ ಹಾಕುವವರೇ ಬಹಳ. ಕಚೇರಿಗೆ ಹೋಗುವುದು ಹೇಗೆ ಎಂಬ ಪ್ರಶ್ನೆ ಏಳುವುದು ಕೆಲಸಕ್ಕೆ ಸೇರುವ ಹಿಂದಿನ ರಾತ್ರಿ. ಮರುದಿನ ಬೆಳಿಗ್ಗೆ ನಿಲ್ದಾಣದಲ್ಲಿ ನಿಂತು, ಬಂದ ಬಸ್ಸುಗಳ ಫಲಕ ಓದಲು ತಡವರಿಸಿ, ತುಂಬಿ ತುಳುಕುವ ಒಂದೆರಡನ್ನು ಬಿಟ್ಟು, ಕೊನೆಗೆ ದುಬಾರಿ ಆಟೋ ಹಿಡಿದು ಬೆವರೊರೆಸಿಕೊಳ್ಳುತ್ತ ಕಚೇರಿಯ ಮೆಟ್ಟಿಲೇರಿದವರು ಆ ಸಂಜೆಯೇ ತೀರ್ಮಾನಿಸಿಬಿಡುತ್ತಾರೆ: ‘ಬಸ್ಸು ನಮಗೆ ಹೇಳಿಸಿದ್ದಲ್ಲ’. ತಿಂಗಳು ತುಂಬುವುದರೊಳಗೆ ದ್ವಿಚಕ್ರ ವಾಹನದ ಸಾಲಪತ್ರಕ್ಕೆ ಸಹಿ ಬಿದ್ದಿರುತ್ತದೆ.

ಇದು ಸಣ್ಣ ತೀರ್ಮಾನವಲ್ಲ. ಪ್ರೊಬೇಷನ್ ಅವಧಿಯಲ್ಲಿರುವ ನೌಕರನಿಗೆ ಹಾಜರಾತಿಯೇ ಮೊದಲ ಪರೀಕ್ಷೆ. ಮೂರು ದಿನ ತಡವಾದರೆ ಅರ್ಧ ದಿನದ ಸಂಬಳ ಕಡಿಯುವ ಪದ್ಧತಿ ಹಲವು ಕಡೆ ಉಂಟು. ಇನ್ನೊಂದೆಡೆ, ಮೊದಲ ಸಂಬಳ ಬರುವ ಮೊದಲೇ ಹೆಗಲೇರುವ ಮಾಸಿಕ ಕಂತು ಮುಂದಿನ ಎರಡು ಮೂರು ವರ್ಷ ಬೆನ್ನು ಬಿಡದು. ಆದ್ದರಿಂದ ಬಸ್ಸು ನಮಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದನ್ನು ಒಂದು ಕೆಟ್ಟ ಸೋಮವಾರದ ಮೇಲೆ ನಿರ್ಧರಿಸುವುದು ತರವಲ್ಲ.

ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ (ಬಿಎಂಟಿಸಿ) ಪ್ರತ್ಯೇಕ ನಿಗಮವಾಗಿ ರೂಪುಗೊಂಡಿದ್ದು 1997ರಲ್ಲಿ. ಇಂದು ಆರು ಸಾವಿರಕ್ಕೂ ಹೆಚ್ಚು ಬಸ್ಸುಗಳನ್ನು ಹೊಂದಿರುವ ಈ ಸಂಸ್ಥೆಯನ್ನು ನಿತ್ಯ ಲಕ್ಷಾಂತರ ಮಂದಿ ನೆಚ್ಚಿಕೊಂಡಿದ್ದಾರೆ. ಅವರೆಲ್ಲರೂ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗುತ್ತಿರುವಾಗ ಹೊಸಬರು ಎಡವುವುದೆಲ್ಲಿ? ಉತ್ತರ ಸರಳ. ಹೊಸಬರು ‘ನಮ್ಮ ಬಸ್ಸಿ’ಗಾಗಿ ಕಾಯುತ್ತಾರೆ, ಹಳಬರು ‘ನಮ್ಮ ದಾರಿಯ ಬಸ್ಸಿ’ಗಾಗಿ ಕಾಯುತ್ತಾರೆ.

ನೇರ ಬಸ್ಸಿನ ಮೋಹ

ಒಂದು ಉದಾಹರಣೆ ನೋಡೋಣ. ಯಲಹಂಕದಲ್ಲಿ ಮನೆ, ಹೊರ ವರ್ತುಲ ರಸ್ತೆಯ ಬೆಳ್ಳಂದೂರಿನಲ್ಲಿ ಕಚೇರಿ. ಮನೆಯ ಮುಂದೆ ಹತ್ತಿ ಕಚೇರಿಯ ಮುಂದೆ ಇಳಿಸುವ ಒಂದೇ ಬಸ್ಸನ್ನು ಹುಡುಕುತ್ತ ಕುಳಿತರೆ ಅರ್ಧ ತಾಸು ನಿಲ್ದಾಣದಲ್ಲೇ ಕಳೆದೀತು. ಬದಲಿಗೆ ಪ್ರಯಾಣವನ್ನು ಎರಡು ತುಂಡು ಮಾಡಿ. ಯಲಹಂಕದಿಂದ ಬಳ್ಳಾರಿ ರಸ್ತೆಯಲ್ಲಿ ಮೆಜೆಸ್ಟಿಕ್ ಅಥವಾ ಶಿವಾಜಿನಗರದ ಕಡೆಗೆ ಹೊರಡುವ ಯಾವ ಬಸ್ಸಾದರೂ ಹೆಬ್ಬಾಳ ಮುಟ್ಟಿಸುತ್ತದೆ. ಹೆಬ್ಬಾಳದಿಂದ ನಾಗವಾರ, ಟಿನ್ ಫ್ಯಾಕ್ಟರಿ, ಮಾರತ್ತಹಳ್ಳಿ, ಬೆಳ್ಳಂದೂರು ಮಾರ್ಗವಾಗಿ ಸೆಂಟ್ರಲ್ ಸಿಲ್ಕ್ ಬೋರ್ಡ್ ತಲುಪುವ ಪ್ರಸಿದ್ಧ ಬಸ್ಸು 500-ಡಿ. ಎರಡೂ ತುಂಡುಗಳಲ್ಲಿ ಬಸ್ಸುಗಳು ಮೇಲಿಂದ ಮೇಲೆ ಬರುವುದರಿಂದ ಬದಲಾವಣೆಯ ತೊಂದರೆಯಿದ್ದರೂ ಒಟ್ಟು ಕಾಯುವ ಸಮಯ ಕಡಿಮೆ.

ಬಸ್ ಬದಲಿಸುವ ಜಾಗವನ್ನು ಮೊದಲೇ ನೋಡಿಟ್ಟುಕೊಳ್ಳುವುದು ಅಗತ್ಯ. ಹೆಬ್ಬಾಳದಂತಹ ಕಡೆ ಇಳಿದಲ್ಲೇ ಮುಂದಿನ ಬಸ್ಸು ಸಿಗುವುದಿಲ್ಲ. ಮೇಲ್ಸೇತುವೆಯ ಸುತ್ತ ಬೇರೆ ಬೇರೆ ದಿಕ್ಕಿಗೆ ಬೇರೆ ಬೇರೆ ನಿಲುಗಡೆಗಳಿವೆ. ನಡೆಯುವ ಈ ಕೆಲವು ನಿಮಿಷಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ತಡವಾಗುವುದು ಖಚಿತ. ಬನಶಂಕರಿ, ಜಯನಗರ, ವಿಜಯನಗರ, ಯಶವಂತಪುರ, ದೊಮ್ಮಲೂರು, ಶಾಂತಿನಗರ ಮುಂತಾದೆಡೆಗಳಲ್ಲಿ ಸಂಸ್ಥೆಯ ದೊಡ್ಡ ಸಾರಿಗೆ ಕೇಂದ್ರಗಳಿದ್ದು, ಅಲ್ಲಿ ಮಳೆ-ಬಿಸಿಲಿನ ರಕ್ಷಣೆಯೊಂದಿಗೆ ಬಸ್ ಬದಲಿಸುವುದು ಸುಲಭ. ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಪ್ಲಾಟ್‌ಫಾರಂ ಸಂಖ್ಯೆ ತಿಳಿದಿರಬೇಕು. ತಿಳಿಯದಿದ್ದರೆ ಅಲೆಯದೆ ವಿಚಾರಣಾ ಕೌಂಟರಿನಲ್ಲಿ ಕೇಳುವುದೇ ಮೇಲು.

ಸಂಖ್ಯೆಯ ಹಿಂದಿನ ಅಕ್ಷರ

ಬಸ್ಸಿನ ಹಣೆಯ ಮೇಲಿನ ಸಂಖ್ಯೆ ಸಾಮಾನ್ಯವಾಗಿ ಮುಖ್ಯ ದಾರಿಯನ್ನು ಹೇಳಿದರೆ, ಅದರ ಬೆನ್ನಿಗಿರುವ ಅಕ್ಷರ ಆ ದಾರಿಯ ಕವಲನ್ನು ಹೇಳುತ್ತದೆ. 500 ಸರಣಿಯ ಬಸ್ಸುಗಳು ವರ್ತುಲ ರಸ್ತೆಯಲ್ಲಿ ಓಡುತ್ತವೆಯೆಂದು ಎಲ್ಲವೂ ಒಂದೇ ಕಡೆ ಹೋಗುತ್ತವೆ ಎಂದಲ್ಲ. ಕೆಲವು ಮಾರತ್ತಹಳ್ಳಿಯಲ್ಲಿ ವರ್ತುಲ ರಸ್ತೆ ಬಿಟ್ಟು ವೈಟ್‌ಫೀಲ್ಡ್ ಕಡೆ ತಿರುಗುತ್ತವೆ. ಸಂಖ್ಯೆಯ ಮುಂದೆ ‘ವಿ’ ಇದ್ದರೆ ಅದು ಹವಾನಿಯಂತ್ರಿತ ವಜ್ರ ಬಸ್ಸು, ದರ ಹೆಚ್ಚು. ‘ಕೆಐಎ’ ಇದ್ದರೆ ವಿಮಾನ ನಿಲ್ದಾಣದ ವಾಯು ವಜ್ರ. ‘ಎಂಎಫ್’ ಎಂದರೆ ಮೆಟ್ರೋ ನಿಲ್ದಾಣಕ್ಕೆ ಸಂಪರ್ಕ ಕಲ್ಪಿಸುವ ಬಸ್ಸು. ಅನುಮಾನವಿದ್ದರೆ ಹತ್ತುವ ಮುನ್ನ ನಿರ್ವಾಹಕರನ್ನು ‘ಇಂತಹ ಕಡೆ ಹೋಗುತ್ತದೆಯೇ?’ ಎಂದು ಕೇಳಲು ಸಂಕೋಚ ಬೇಡ. ‘ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಿದರೆ ಸಿಗುವುದು ಕೊನೆಯ ನಿಲ್ದಾಣದ ಹೆಸರು; ಅದು ನಿಮಗೆ ಬೇಕಾದ ಉತ್ತರವಲ್ಲ.

ಬಸ್ಸುಗಳ ನೇರ ಸ್ಥಿತಿಗತಿ ತೋರಿಸುವ ‘ನಮ್ಮ ಬಿಎಂಟಿಸಿ’ ಮೊಬೈಲ್ ತಂತ್ರಾಂಶವನ್ನು ಸಂಸ್ಥೆ 2023ರಲ್ಲಿ ಬಿಡುಗಡೆ ಮಾಡಿತು. ಯಾವ ದಾರಿಯಲ್ಲಿ ಯಾವ ಬಸ್ಸುಗಳಿವೆ ಎಂದು ತಿಳಿಯಲು ಇದು ಒಳ್ಳೆಯ ಸಾಧನ. ಆದರೆ ಪರದೆಯ ಮೇಲೆ ಕಂಡ ನಿಮಿಷವನ್ನು ವೇದವಾಕ್ಯವೆಂದು ನಂಬಿ ಮನೆಯಿಂದ ತಡವಾಗಿ ಹೊರಡಬಾರದು.

ಎರಡು ಬಸ್ಸು ಒಟ್ಟಿಗೇ ಏಕೆ?

‘ಅರ್ಧ ತಾಸು ಒಂದೂ ಇಲ್ಲ, ಬಂದರೆ ಮೂರು ಒಟ್ಟಿಗೆ’ ಎಂಬುದು ಪ್ರಯಾಣಿಕರ ಹಳೆಯ ದೂರು. ಇದರಲ್ಲಿ ಚಾಲಕರ ತಪ್ಪಿಗಿಂತ ರಸ್ತೆಯ ಪಾತ್ರವೇ ದೊಡ್ಡದು. ಹತ್ತು ನಿಮಿಷಕ್ಕೊಂದರಂತೆ ಹೊರಟ ಬಸ್ಸುಗಳಲ್ಲಿ ಮೊದಲನೆಯದು ಒಂದು ಸಿಗ್ನಲ್‌ನಲ್ಲಿ ಐದು ನಿಮಿಷ ಸಿಲುಕಿತೆನ್ನಿ. ಅಷ್ಟರಲ್ಲಿ ಮುಂದಿನ ನಿಲ್ದಾಣದಲ್ಲಿ ಹೆಚ್ಚು ಜನ ಸೇರುತ್ತಾರೆ. ಅವರೆಲ್ಲ ಹತ್ತಿ, ಟಿಕೆಟ್ ಪಡೆದು, ಇಳಿಯುವಷ್ಟರಲ್ಲಿ ಬಸ್ಸು ಮತ್ತಷ್ಟು ತಡವಾಗುತ್ತದೆ. ಹಿಂದಿನ ಬಸ್ಸಿಗೆ ನಿಲ್ದಾಣಗಳು ಖಾಲಿ ಸಿಗುವುದರಿಂದ ಅದು ಬೇಗ ಬೇಗ ಬಂದು ಮುಂದಿನದನ್ನು ಸೇರಿಕೊಳ್ಳುತ್ತದೆ. ಹೀಗೆ ಮುಂದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಿರುವಾಗ ಅದರ ಬೆನ್ನಿಗಿರುವುದರಲ್ಲಿ ಆಸನಗಳೇ ಖಾಲಿ ಇರುವುದುಂಟು.

ಹೊಸಬರಿಗೆ ಇದರಿಂದ ಎರಡು ಪಾಠ. ತುಂಬಿದ ಬಸ್ಸಿನ ಹಿಂದೆ ಅದೇ ದಾರಿಯ ಇನ್ನೊಂದು ಕಣ್ಣಿಗೆ ಕಾಣುತ್ತಿದ್ದರೆ ಮೊದಲನೆಯದನ್ನು ಬಿಡಬಹುದು. ಕಾಣದಿದ್ದರೆ ಬಂದದ್ದನ್ನೇ ಹತ್ತಬೇಕು. ‘ಇನ್ನೊಂದು ಬಂದೀತು’ ಎಂಬ ಆಸೆಯೇ ಬಹಳ ಮಂದಿಯ ಹಾಜರಾತಿ ಕೆಡಿಸುವುದು.

ಬಸ್ಸುಗಳನ್ನು ಇತರ ವಾಹನಗಳ ದಟ್ಟಣೆಯಿಂದ ಬೇರ್ಪಡಿಸುವ ಯತ್ನ ನಡೆಯಲಿಲ್ಲವೆಂದಲ್ಲ. ಸಿಲ್ಕ್ ಬೋರ್ಡ್-ಕೆ.ಆರ್. ಪುರ ನಡುವೆ 2019ರ ಅಕ್ಟೋಬರ್‌ನಲ್ಲಿ ಬಸ್ ಆದ್ಯತಾ ಪಥ ಆರಂಭವಾಗಿತ್ತು. ಆದರೆ ಮುಂದೆ ಅದೇ ರಸ್ತೆಯಲ್ಲಿ ಮೆಟ್ರೋ ಕಾಮಗಾರಿ ನಡೆದು ಆ ಪಥ ಉಳಿಯಲಿಲ್ಲ.

ಪಾಸೋ, ಟಿಕೆಟ್ಟೋ?

2025ರ ಜನವರಿ 5ರಿಂದ ಬಸ್ ದರ ಶೇ. 15ರಷ್ಟು ಏರಿತು. ಆ ಪರಿಷ್ಕರಣೆಯಲ್ಲಿ ಸಾಮಾನ್ಯ ಬಸ್ಸುಗಳ ದಿನದ ಪಾಸ್ 80 ರೂ., ವಾರದ ಪಾಸ್ 350 ರೂ., ತಿಂಗಳ ಪಾಸ್ 1,200 ರೂ. ಆಯಿತು. ಇದರ ಮೇಲೆ ಲೆಕ್ಕ ಹಾಕೋಣ. ತಿಂಗಳಿಗೆ 24 ಕೆಲಸದ ದಿನಗಳೆಂದರೆ ಮಾಸಿಕ ಪಾಸಿನ ವೆಚ್ಚ ದಿನಕ್ಕೆ 50 ರೂ. ಹೋಗಿಬರುವ ಟಿಕೆಟ್ ವೆಚ್ಚ ಇದಕ್ಕಿಂತ ಕಡಿಮೆಯಿದ್ದರೆ ಟಿಕೆಟ್ಟೇ ಲಾಭ. ಹೆಚ್ಚಿದ್ದರೆ ಪಾಸ್ ಲಾಭ. ಬಸ್ ಬದಲಿಸಿದಾಗಲೆಲ್ಲ ಹೊಸ ಟಿಕೆಟ್ ಪಡೆಯಬೇಕಾದುದರಿಂದ ಎರಡು ತುಂಡಿನ ಪ್ರಯಾಣಿಕರಿಗೆ ಪಾಸ್ ಹೆಚ್ಚು ಅನುಕೂಲ. ವಾರಕ್ಕೆ ಎರಡು ಮೂರು ದಿನ ಮಾತ್ರ ಕಚೇರಿಗೆ ಹೋಗುವವರಿಗೆ ದಿನದ ಪಾಸ್ ಸಾಕು: ತಿಂಗಳಿಗೆ 15 ದಿನ ಮೀರಿದರಷ್ಟೇ ಮಾಸಿಕ ಪಾಸ್ ಅದಕ್ಕಿಂತ ಅಗ್ಗ.

ದ್ವಿಚಕ್ರ ವಾಹನದೊಂದಿಗೆ ಹೋಲಿಸಿ. ಮನೆಯಿಂದ ಕಚೇರಿಗೆ 15 ಕಿ.ಮೀ. ಇದ್ದರೆ ತಿಂಗಳಿಗೆ 720 ಕಿ.ಮೀ. ಲೀಟರಿಗೆ 45 ಕಿ.ಮೀ. ಓಡುವ ವಾಹನಕ್ಕೆ 16 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂ. ಎಂದು ಹಿಡಿದರೂ 1,600 ರೂ. ಕಂತು, ವಿಮೆ, ದುರಸ್ತಿ, ನಿಲುಗಡೆ ಶುಲ್ಕ ಬೇರೆ. ಆದರೆ ಬಸ್ಸಿಳಿದ ಮೇಲೆ ಕಚೇರಿಗೆ ನಿತ್ಯವೂ ಆಟೋ ಹಿಡಿಯಬೇಕಾದರೆ ಬಸ್ಸಿನ ಉಳಿತಾಯವೆಲ್ಲ ಅಲ್ಲಿಗೇ ಸಂದಾಯ ಎಂಬುದನ್ನೂ ಮರೆಯಬಾರದು.

ರಾಜ್ಯದ ಮಹಿಳೆಯರಿಗೆ 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ವಜ್ರ, ವಾಯು ವಜ್ರಗಳಿಗೆ ಇದು ಅನ್ವಯಿಸದು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಮೊತ್ತದ ಟಿಕೆಟ್ ಪಡೆಯುವುದು ಕಡ್ಡಾಯ. ಹೊರರಾಜ್ಯದಿಂದ ಉದ್ಯೋಗಕ್ಕೆ ಬಂದವರು ಆಧಾರ್‌ನಲ್ಲಿ ಹಳೆಯ ವಿಳಾಸವನ್ನೇ ಉಳಿಸಿಕೊಂಡಿದ್ದರೆ ಹಣ ಕೊಟ್ಟೇ ಪ್ರಯಾಣಿಸಬೇಕಾಗುತ್ತದೆ.

ಬಸ್ಸಿನೊಳಗಿನ ರೀತಿ ನೀತಿ

ಮುಂಬಾಗಿಲಿನ ಕಡೆ ಮಹಿಳೆಯರು, ಹಿಂಬಾಗಿಲಿನ ಕಡೆ ಪುರುಷರು ಎಂಬುದು ನಗರದ ಬಸ್ಸುಗಳ ವಾಡಿಕೆ. ಮುಂಭಾಗದ ಮಹಿಳಾ ಆಸನಗಳಲ್ಲಿ ಕುಳಿತ ಪುರುಷರಿಗೆ ತನಿಖಾ ಸಿಬ್ಬಂದಿ ದಂಡ ವಿಧಿಸುವುದುಂಟು. ಹಿರಿಯ ನಾಗರಿಕರಿಗೂ ಅಂಗವಿಕಲರಿಗೂ ಮೀಸಲಾದ ಆಸನಗಳನ್ನು ಕೇಳುವ ಮೊದಲೇ ಬಿಟ್ಟುಕೊಡುವುದು ಸೌಜನ್ಯ.

ನೂರು ಇನ್ನೂರರ ನೋಟು ಚಾಚಿದರೆ ನಿರ್ವಾಹಕರ ಮುಖ ಗಂಟಿಕ್ಕುವುದು ಸಹಜ. ಬಾಕಿ ಚಿಲ್ಲರೆಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಟ್ಟರೆ ಇಳಿಯುವ ಮುನ್ನ ಕೇಳಿ ಪಡೆಯುವ ಜವಾಬ್ದಾರಿ ನಿಮ್ಮದು. ಈಗ ಕ್ಯೂಆರ್ ಕೋಡ್ ಮೂಲಕ ಮೊಬೈಲ್‌ನಲ್ಲೇ ಪಾವತಿಸುವ ವ್ಯವಸ್ಥೆ ಬಂದು ಈ ಜಗಳ ಸಾಕಷ್ಟು ತಗ್ಗಿದೆ. ಆದರೂ ನೆಟ್‌ವರ್ಕ್ ಕೈಕೊಟ್ಟ ದಿನಕ್ಕೆಂದು ಜೇಬಿನಲ್ಲಿ ಹತ್ತು ಇಪ್ಪತ್ತರ ನೋಟುಗಳಿರಲಿ.

ಇಳಿಯುವ ನಿಲ್ದಾಣಕ್ಕೆ ಒಂದು ನಿಲ್ದಾಣ ಮುಂಚೆಯೇ ಬಾಗಿಲ ಬಳಿ ಸರಿದುಬಿಡಬೇಕು. ‘ಹೋಲ್ಡಾನ್’ ಕೇಳಿದ ಮೇಲೆ ಎದ್ದರೆ ‘ರೈಟ್’ ಕೇಳುವುದರೊಳಗೆ ಬಾಗಿಲು ಮುಟ್ಟಲಾಗದು. ನೂಕುನುಗ್ಗಲಿನಲ್ಲಿ ಬೆನ್ನಿನ ಚೀಲ ಎದೆಯ ಮೇಲಿರಲಿ. ಜೇಬುಗಳ್ಳರಿಂದ ರಕ್ಷಣೆಯೂ ಆಯಿತು, ಹಿಂದಿನವರಿಗೆ ಜಾಗವೂ ಆಯಿತು. ಕಿರುಕುಳ ಎದುರಾದರೆ ಮೌನ ಬೇಡ: ನಿರ್ವಾಹಕರಿಗೆ ಗಟ್ಟಿಯಾಗಿ ತಿಳಿಸಿ, ಅಗತ್ಯವಿದ್ದರೆ 112ಕ್ಕೆ ಕರೆ ಮಾಡಿ.

ಬೇರೆ ಊರುಗಳಲ್ಲಿ

ರಾಜ್ಯದ ಇತರ ನಗರಗಳಲ್ಲಿ ನಿಯಮ ಕೊಂಚ ಭಿನ್ನ. ಹುಬ್ಬಳ್ಳಿ-ಧಾರವಾಡ ನಡುವಿನ ‘ಚಿಗರಿ’ ಬಸ್ಸುಗಳಿಗೆ ಪ್ರತ್ಯೇಕ ಪಥವಿದೆ. ಅಲ್ಲಿ ಬಸ್ಸೇರುವ ಮೊದಲೇ ನಿಲ್ದಾಣದಲ್ಲಿ ಟಿಕೆಟ್ ಪಡೆದು ಒಳಹೋಗಬೇಕು. ಮಂಗಳೂರು ನಗರದಲ್ಲಿ ಖಾಸಗಿ ಬಸ್ಸುಗಳದ್ದೇ ಪಾರಮ್ಯ. ‘ಶಕ್ತಿ’ ಯೋಜನೆ ಅವುಗಳಿಗೆ ಅನ್ವಯಿಸದು. ಆದರೂ ಒಂದೇ ಬಸ್ಸನ್ನಲ್ಲ, ದಾರಿಯನ್ನು ಹಿಡಿಯಬೇಕೆಂಬ ಸೂತ್ರ ಎಲ್ಲ ಕಡೆಗೂ ಸಲ್ಲುತ್ತದೆ.

ಮೊದಲ ವಾರ ಹೀಗಿರಲಿ

ಕೆಲಸಕ್ಕೆ ಸೇರುವ ಮುನ್ನ ಒಮ್ಮೆ ಹೋಗಿ ಬನ್ನಿ. ಭಾನುವಾರ ಹೋಗಿ ‘ನಲವತ್ತೇ ನಿಮಿಷ’ ಎಂದು ಬೀಗುವುದು ಮೋಸ. ಕೆಲಸದ ದಿನ, ಕಚೇರಿಯ ವೇಳೆಯಲ್ಲೇ ಹೋಗಬೇಕು. ಸಂಜೆ ಮರಳುವ ದಾರಿಯನ್ನೂ ನೋಡಬೇಕು, ಏಕೆಂದರೆ ಬೆಳಿಗ್ಗೆ ಸಿಕ್ಕ ಬಸ್ಸು ಸಂಜೆ ಅಷ್ಟೇ ಸಲೀಸಾಗಿ ಸಿಗುವುದೆಂಬ ಖಾತರಿಯಿಲ್ಲ. ಕೊನೆಯ ಬಸ್ಸಿನ ಸಮಯ ಕೇಳಿಟ್ಟುಕೊಳ್ಳಿ. ಮೊದಲ ವಾರ, ಸಾಕೆನಿಸುವ ಬಸ್ಸಿಗಿಂತ ಒಂದು ಬಸ್ಸು ಮುಂಚೆಯೇ ಹೊರಡಿ. ಹೊರಟ, ಹತ್ತಿದ, ಇಳಿದ ಸಮಯಗಳನ್ನು ಬರೆದಿಡಿ. ಐದು ದಿನದ ಬರಹದಲ್ಲಿ ತೀರಾ ತಡವಾದ ದಿನ ಯಾವುದೋ, ಅದನ್ನೇ ನಿಮ್ಮ ಪ್ರಯಾಣದ ಅವಧಿಯೆಂದು ತಿಳಿದು ಮುಂದಿನ ವಾರ ಹೊರಡಿ.

ಎಲ್ಲರಿಗೂ ಬಸ್ಸೇ ಉತ್ತರವೆಂದು ಹೇಳಲಾಗದು. ರಾತ್ರಿ ಪಾಳಿಯವರಿಗೆ, ತಾಸಿಗೊಂದೇ ಬಸ್ಸು ಬರುವ ಬಡಾವಣೆಯವರಿಗೆ, ದಾರಿಯಲ್ಲಿ ಮಗುವನ್ನು ಶಾಲೆಗೆ ಬಿಡಬೇಕಾದವರಿಗೆ ಬೇರೆ ದಾರಿ ಬೇಕಾದೀತು. ವೈಟ್‌ಫೀಲ್ಡ್‌ಗೆ 2023ರಿಂದ, ಬೊಮ್ಮಸಂದ್ರಕ್ಕೆ 2025ರಿಂದ ಮೆಟ್ರೋ ಇರುವುದರಿಂದ ಆ ಕಡೆಯವರು ಮುಖ್ಯ ದಾರಿಗೆ ಮೆಟ್ರೋ, ತುದಿಗೆ ಬಸ್ಸು ಎಂದು ಹೊಂದಿಸಿಕೊಳ್ಳಬಹುದು. ಆದರೆ ಆ ತೀರ್ಮಾನ ನಿಮ್ಮ ಐದು ದಿನದ ಲೆಕ್ಕದಿಂದ ಬರಲಿ. ಸಾಲಪತ್ರಕ್ಕೆ ಸಹಿ ಹಾಕುವುದಿದ್ದರೂ ಆ ಶುಕ್ರವಾರದ ನಂತರವೇ ಹಾಕಿ.