ಬೀಗ ಹಾಕಿದ ಸೂರುಗಳು

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲಿಗೆ ಸರ್ಕಾರವೇ ತಲೆಬಾಗಿ ಮಾಡಿಕೊಂಡ ಏರ್ಪಾಡು ಇದು. ರಸ್ತೆಗೆ ಡಾಂಬರು ಹಾಕುವ ಕೈಗಳಿಗೆ ಈ ವೇಳಾಪಟ್ಟಿ ಸಿಕ್ಕಿಲ್ಲ.

ಬಯಲುನಾಡಿನಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾದರೆ ಅದು ಬಿಸಿಗಾಳಿ. ವಾಡಿಕೆಯೇ 40ರ ಆಸುಪಾಸಿನಲ್ಲಿರುವ ಕಲಬುರಗಿಯಲ್ಲಿ 42 ಡಿಗ್ರಿ ಸುಟ್ಟರೂ ಆ ಹೆಸರು ಬಾರದಿರಬಹುದು. ಮೈ ಬೇಯುವುದೇನೂ ಕಡಿಮೆಯಾಗದು.

ಹೀಗೆ ಕಾದ ನೆಲವೇ ಸಂಜೆಯ ಗುಡುಗನ್ನೂ ಹುಟ್ಟಿಸುತ್ತದೆ. ನೆಲಕ್ಕಂಟಿದ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ಕಡಲಿನ ತೇವ ಅದಕ್ಕೆ ಕೂಡಿದ ದಿನ ಮೋಡ ಹತ್ತು ಕಿಲೋಮೀಟರಿಗೂ ಎತ್ತರ ಬೆಳೆಯುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತರು ಕಾಯುವುದು ಈ ಕಾಲದ ಮಳೆಗೇ. ಆಲಿಕಲ್ಲು, ಸಿಡಿಲು ಬರುವುದೂ ಅದರ ಜೊತೆಯಲ್ಲೇ.

ಹವಾಮಾನ ಇಲಾಖೆಯ ಹಳದಿ ಬಣ್ಣ ಗಮನವಿಡಿ ಎನ್ನುತ್ತದೆ, ಕಿತ್ತಳೆ ಸಿದ್ಧರಾಗಿ ಎನ್ನುತ್ತದೆ, ಕೆಂಪು ಕೂಡಲೇ ಕ್ರಮಕ್ಕಿಳಿಯಿರಿ ಎನ್ನುತ್ತದೆ. ಆದರೆ ಗುಡುಗು ಮೋಡ ಯಾವ ಹೋಬಳಿಯ ಮೇಲೆ ಒಡೆಯುತ್ತದೆಂದು ಎರಡು ದಿನ ಮೊದಲೇ ಹೇಳಲಾಗದು. ರಾಡಾರ್ ನೋಡಿ ಮುಂದಿನ ಮೂರು ತಾಸಿಗೆ ಕೊಡುವ ಮುನ್ಸೂಚನೆಯೇ ಜೀವ ಉಳಿಸುವಂಥದ್ದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’, ರಾಜ್ಯದ್ದೇ ಆದ ‘ಸಿಡಿಲು’ ಆ್ಯಪ್‌ಗಳೂ ಮೊಬೈಲಿಗೆ ಎಚ್ಚರಿಕೆ ಕಳಿಸುತ್ತವೆ.

ಎಚ್ಚರಿಕೆ ಕೇಳಿದವರು ಹೋಗುವುದೆಲ್ಲಿಗೆ? ಎರೆ ಹೊಲದ ಬಟ್ಟಬಯಲಿನಲ್ಲಿ ಕುರಿ ಕಾಯುವವರಿಗೆ ಕಾಣುವ ಆಸರೆ ಒಂಟಿ ಬೇವಿನ ಮರ. ಸಿಡಿಲಿಗೂ ಅದೇ ಗುರಿ. ಗುಡುಗು ಕೇಳಿಸಿದ ಕೂಡಲೇ ಗಟ್ಟಿ ಸೂರಿನಡಿ ಸೇರಿ, ಕೊನೆಯ ಗುಡುಗಿನ ನಂತರ ಅರ್ಧ ತಾಸು ಅಲ್ಲೇ ಇರಬೇಕೆಂಬ ಮಾತು ಸರಿ. ಆ ಸೂರು ಹತ್ತಿರದಲ್ಲಿರಬೇಕು. ನಗರದ್ದು ಬೇರೆಯದೇ ಸಂಕಟ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆ ಮಳೆನೀರಿನಿಂದ ತುಂಬಿ, ಕಾರಿನಲ್ಲಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಅಂಥ ಇಳಿಜಾರಿನ ಬಾಯಲ್ಲಿ ಗಟ್ಟಿ ಗೇಟು, ಮೋಡ ಕವಿದಾಗ ಅದನ್ನು ಮುಚ್ಚುವ ಒಬ್ಬ ಮನುಷ್ಯ ಇರಲೇಬೇಕು.

ಮೂರು ತಾಸು ಕಡಿಮೆ ಹೊತ್ತಲ್ಲ. ಡಾಂಬರಿನ ಕೆಲಸ ನಿಲ್ಲಿಸಬಹುದು, ಗೇಟು ಇಳಿಸಬಹುದು, ಡಂಗುರ ಸಾರಬಹುದು. ಹಳ್ಳಿಯ ಅತಿ ಗಟ್ಟಿ ಕಟ್ಟಡ ಹೆಚ್ಚಾಗಿ ಶಾಲೆಯೇ. ಬಿಸಿಲು, ಸಿಡಿಲು ಎರಡೂ ಏರುವ ಈ ತಿಂಗಳುಗಳಲ್ಲೇ ರಜೆಯೆಂದು ಅದಕ್ಕೆ ಬೀಗ ಬೀಳುತ್ತದೆ. ಮುನ್ಸೂಚನೆ ಮೊದಲು ತಲುಪಬೇಕಾದದ್ದು ಆ ಬೀಗದ ಕೈ ಇಟ್ಟುಕೊಂಡವರಿಗೆ.