ಬುದ್ಧಿ ಅಳೆಯೋ ಸೇರು ಯಾವ ಅಂಗಡೀಲಿದೆ?

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ರಾಜಕೀಯ ಶುರುವಾಯ್ತೆಂದರೆ ಎರಡು ಮಾತು ಖಾಯಂ. ಒಂದು, "ಅವನೇನ್ ಓದಿದಾನ್ರೀ, ಹೆಬ್ಬೆಟ್ಟು!" ಇನ್ನೊಂದು, "ಬುದ್ಧಿಜೀವಿಗಳ ಮಾತು ಬಿಡಿ ಮಾರಾಯ್ರೆ, ಗದ್ದೆ ಕೆಸರು ತುಳಿದವರಾ ಅವರು?" ಎರಡನ್ನೂ ಒಬ್ಬನೇ ಹೇಳುವುದುಂಟು, ಎದುರಿನವರ ಪಾರ್ಟಿ ನೋಡಿಕೊಂಡು.

ನಮ್ಮ ಇಬ್ಬರು ಮುಖ್ಯಮಂತ್ರಿಗಳನ್ನೇ ತಗೊಳ್ಳಿ. ಕುಬಟೂರಿನ ಬಂಗಾರಪ್ಪ ಲಾ ಓದಿದವರು. 1967ರಲ್ಲಿ ಸೊರಬದ ಶಾಸಕ, 1990ರಲ್ಲಿ ಮುಖ್ಯಮಂತ್ರಿ. ಯಡಿಯೂರಪ್ಪನವರ ಓದು ಪಿಯುಸಿ. ಶಿಕಾರಿಪುರದಲ್ಲಿ ಅಕ್ಕಿ ಗಿರಣಿಯ ಗುಮಾಸ್ತರಾಗಿದ್ದವರು ಮುಂದೆ ರಾಜ್ಯದ ಬಜೆಟ್ ಮಂಡಿಸಿದರು, 2006ರಲ್ಲಿ ಭಾಗ್ಯಲಕ್ಷ್ಮಿ ಯೋಜನೆ ತಂದರು. 2008ರಲ್ಲಿ ಶಿಕಾರಿಪುರದಲ್ಲೇ ಇಬ್ಬರೂ ಎದುರುಬದುರು ನಿಂತರು. ಪಿಯುಸಿ ಗೆದ್ದಿತು, ಲಾ ಸೋತಿತು. ಓಟು ಹಾಕಿದವರೇನು ಮಾರ್ಕ್ಸ್ ಕಾರ್ಡ್ ನೋಡಿ ಹಾಕಿದರೇ? (ಪಿಯುಸಿ ಅರ್ಧಕ್ಕೇ ಬಿಟ್ಟ ಈ ವರದಿಗಾರನಿಗೂ ಸ್ವಲ್ಪ ಸಮಾಧಾನವಾಯ್ತು ಅನ್ನಿ.)

ಬಂಗಾರಪ್ಪನವರ ಮಗ ಮಧು 2023ರಲ್ಲಿ ಶಾಲಾ ಶಿಕ್ಷಣ ಮಂತ್ರಿಯಾದರು. 2024ರ ನವೆಂಬರ್‌ನಲ್ಲಿ ಆನ್‌ಲೈನ್ ಕಾರ್ಯಕ್ರಮವೊಂದರಲ್ಲಿ ವಿದ್ಯಾರ್ಥಿಯೊಬ್ಬ "ವಿದ್ಯಾಮಂತ್ರಿಗೆ ಕನ್ನಡ ಬರಲ್ಲ" ಅಂದ. ಮಂತ್ರಿಗಳು ಕೆರಳಿ, ಕ್ರಮ ತಗೊಳ್ಳಿ ಅಂದರು. ಮಂತ್ರಿಯನ್ನು ಕೇಳಬೇಕಾದ್ದು ಶಾಲೆಗೆ ಮೇಷ್ಟ್ರು ಬಂದರಾ ಅಂತ. ಆದರೆ ಹುಡುಗನ ಬಾಯಿ ಮುಚ್ಚಿಸಲು ಹೋದದ್ದು ಮಂತ್ರಿ ಮಾಡೋ ಕೆಲಸವೇ?

ಹಾಗಂತ ಓದಿದವರನ್ನು ಗೇಲಿ ಮಾಡೋದೂ ಈ ನೆಲಕ್ಕೆ ಹೊಂದಲ್ಲ. ತಾಳಗುಂದದ ಕಂಬದ ಶಾಸನ ಹೇಳುವಂತೆ, ಮಯೂರಶರ್ಮ ಕತ್ತಿ ಹಿಡಿಯುವ ಮುಂಚೆ ಕಂಚಿಗೆ ಹೋದದ್ದು ಓದಲಿಕ್ಕೆ. ಬಳ್ಳಿಗಾವಿಯ ಕೋಡಿಮಠದಲ್ಲಿ ವೇದ, ವ್ಯಾಕರಣದ ಪಾಠವೂ ಇತ್ತು, ಬಡವರಿಗೆ ಅನ್ನ, ರೋಗಿಗಳಿಗೆ ಔಷಧವೂ ಇತ್ತು ಅನ್ನುತ್ತದೆ 12ನೇ ಶತಮಾನದ ಶಾಸನ.

ಇದೆಲ್ಲ ಬರೀ ಬಸ್ಸಿನ ಹರಟೆ ಅಂದುಕೊಳ್ಳಬೇಡಿ. 2015ರಲ್ಲಿ ಹರಿಯಾಣ ಸರ್ಕಾರ ಪಂಚಾಯ್ತಿ ಎಲೆಕ್ಷನ್‌ಗೆ ನಿಲ್ಲಲು ಸಾಮಾನ್ಯ ವರ್ಗದ ಗಂಡಸರು ಹತ್ತನೇ ಕ್ಲಾಸ್, ಹೆಂಗಸರು ಎಂಟನೇ ಕ್ಲಾಸ್ ಪಾಸಾಗಿರಬೇಕು ಎಂದು ಕಾನೂನು ಮಾಡಿತು. ಆ ವರ್ಷದ ಡಿಸೆಂಬರ್‌ನಲ್ಲೇ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ರಾಜಸ್ಥಾನದಲ್ಲೂ ಇಂಥದೇ ನಿಯಮವಿತ್ತು, 2019ರಲ್ಲಿ ತೆಗೆದರು. ಎಂಎಲ್ಎ, ಎಂಪಿ ಆಗಲು ಮಾತ್ರ ಯಾವ ಕ್ಲಾಸೂ ಬೇಡ ನೋಡಿ!

ಕರ್ನಾಟಕದಲ್ಲಿ ಇಂಥ ಕಾನೂನಿಲ್ಲ. "ಬರಲಿ ಬಿಡ್ರಿ, ಒಳ್ಳೇದೇ" ಅನ್ನೋರು ಇದ್ದಾರೆ. ಸಂತೆಯಲ್ಲಿ ಸೊಪ್ಪು, ಮೆಣಸಿನಕಾಯಿ ಮಾರುವ ಹೆಂಗಸು ಬಾಯಿಲೆಕ್ಕದಲ್ಲೇ ಪೈಸೆ ತಪ್ಪದಂತೆ ಚಿಲ್ಲರೆ ಎಣಿಸಿ ಕೊಡ್ತಾಳೆ. ಆ ಕಾನೂನು ಬಂದರೆ ಅವಳು ಊರಿನ ನೀರಿನ ಟ್ಯಾಂಕಿನ ಲೆಕ್ಕ ಕೇಳಲು ಪಂಚಾಯ್ತಿ ಮೆಂಬರ್ ಆಗುವಂತಿಲ್ಲ.