ಎರಡು ಲಕ್ಷ ಫಾಲೋವರ್ಸ್, ಚಟ್ನಿ ಕೊಳ್ಳೋರು ಯಾರು?

ಹುಬ್ಬಳ್ಳಿಯಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕಡಕ್ ರೊಟ್ಟಿ ಪ್ಯಾಕ್ ಮಾಡಿ ಆನ್‌ಲೈನ್‌ನಲ್ಲಿ ಮಾರುವ ಅಕ್ಕಾರೊಬ್ಬರ ಮನೆಗೆ ಹೋಗಿದ್ದೆ. ರೀಲ್ಸ್ ಮಾಡುವವರಿಂದ ಪ್ರಮೋಷನ್ ಮಾಡಿಸಬೇಕು, ಅಂಥವರನ್ನು ಹುಡುಕಿಕೊಡುವ ಯಾವ ಪ್ಲಾಟ್‌ಫಾರ್ಮ್ ಹಿಡಿಯಬೇಕು ಎಂಬುದು ಅವರ ತಲೆಬಿಸಿ. ಅಂಥದೊಂದು ಪ್ಲಾಟ್‌ಫಾರ್ಮ್ ಡೆಮೊಗೆ ಕೊಟ್ಟ ಡ್ಯಾಶ್‌ಬೋರ್ಡ್ ಲ್ಯಾಪ್‌ಟಾಪಿನಲ್ಲಿ ತೆರೆದಿತ್ತು. ಅದರಲ್ಲಿನ ಒಂದು ಖಾತೆ ತೋರಿಸಿದರು.

“ಈಕಿಗೆ ಎರಡ ಲಕ್ಷ ಫಾಲೋವರ್ಸ್ ಅದಾರ್ರಿ ಸರ. ಕಮೆಂಟ್ ಓದ್ರಿ ಒಮ್ಮೆ.”

ಓದಿದೆ. ‘ಸೂಪರ್ ಅಕ್ಕ’, ಮೂರು ಬೆಂಕಿ ಎಮೋಜಿ, ಮತ್ತೆ ‘ಸೂಪರ್ ಅಕ್ಕ’. ಹಿಂದಿನ ರೀಲ್‌ಗೆ ಹೋದರೆ ಅದೇ ಮಂದಿ, ಅದೇ ಬೆಂಕಿ. ಆ ಖಾತೆಗಳನ್ನು ಒಂದೊಂದಾಗಿ ತೆರೆದೆವು. ಎಲ್ಲರೂ ರೀಲ್ಸ್ ಮಾಡುವವರೇ! ಗುಂಪು ಕಟ್ಟಿಕೊಂಡು ಒಬ್ಬರಿಗೊಬ್ಬರು ಕಮೆಂಟ್ ಹಾಕುವ ಈ ಪದ್ಧತಿಗೆ ಎಂಗೇಜ್‌ಮೆಂಟ್ ಪಾಡ್ ಎನ್ನುತ್ತಾರೆ. ಥೇಟ್ ಮದುವೆ ಮನೆಯ ಮುಯ್ಯಿ. ನನಗಂತೂ ಇದರ ಹುಚ್ಚೇ ಹಿಡಿಯಿತು. ಚಹಾ ಆರಿದರೂ ಬೆಂಕಿ ಎಣಿಸುತ್ತಲೇ ಇದ್ದೆ. ಪಕ್ಕದಲ್ಲಿ ಎಂಟು ಸಾವಿರ ಫಾಲೋವರ್ಸ್ ಇದ್ದ ಗದಗಿನ ಗೃಹಿಣಿಯ ಖಾತೆ. ಅಲ್ಲಿನ ಕಮೆಂಟ್ ನೋಡಿ: “ಒಣಕೊಬ್ಬರಿ ಹಾಕೀರೇನ್ರಿ?”, “ವಿಜಯಪುರಕ್ಕ ಕಳಸ್ತೀರಿ?” ಕೇಳುವವರು ಕೊಳ್ಳುವವರು. ಲೆಕ್ಕವೂ ಅದನ್ನೇ ಹೇಳುತ್ತದೆ: ಎರಡು ಲಕ್ಷಕ್ಕೆ ಸಾವಿರ ಲೈಕು-ಕಮೆಂಟ್ ಬಂದರೆ ಶೇ 0.5, ಎಂಟು ಸಾವಿರಕ್ಕೆ 480 ಬಂದರೆ ಶೇ 6.

2020ರ ಜೂನ್‌ನಲ್ಲಿ ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾದ ಬೆನ್ನಿಗೇ ರೀಲ್ಸ್ ಬಂತು, ಮುಂದಿನದು ಗೊತ್ತಿದ್ದದ್ದೇ. ಇನ್‌ಸ್ಟಾಗ್ರಾಂ 2024ರಲ್ಲಿ ಬ್ರ್ಯಾಂಡಿನವರನ್ನೂ ರೀಲ್ಸ್ ಮಾಡುವವರನ್ನೂ ಜೋಡಿಸುವ ತನ್ನದೇ ಕ್ರಿಯೇಟರ್ ಮಾರ್ಕೆಟ್‌ಪ್ಲೇಸ್ ಅನ್ನು ಭಾರತಕ್ಕೂ ತಂದಿತು. ಖಾಸಗಿ ಪ್ಲಾಟ್‌ಫಾರ್ಮ್‌ಗಳೂ ಬೇಕಾದಷ್ಟಿವೆ. ಅವು ತೋರಿಸುವ ಬಣ್ಣಬಣ್ಣದ ಚಾರ್ಟುಗಳ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಕ್ರಿಯೇಟರ್ ತಾನಾಗಿ ತನ್ನ ಖಾತೆಯನ್ನು ಪ್ಲಾಟ್‌ಫಾರ್ಮ್‌ಗೆ ಜೋಡಿಸಿದ್ದರೆ ಮಾತ್ರ ಪ್ರೇಕ್ಷಕರ ಊರು, ವಯಸ್ಸಿನ ಲೆಕ್ಕ ಅಸಲಿ. ಇಲ್ಲದಿದ್ದರೆ ಅದು ಅಂದಾಜು. ಎರಡನ್ನೂ ಒಂದೇ ಚಾರ್ಟಿನಲ್ಲಿ ಹಾಕಿದರೆ ನಮಗೆ ತಿಳಿಯುವುದು ಹೇಗೆ?

ಕಾನೂನನ್ನೂ ಮರೆಯುವಂತಿಲ್ಲ. ಗ್ರಾಹಕ ವ್ಯವಹಾರ ಇಲಾಖೆಯ 2023ರ ಜನವರಿಯ ಮಾರ್ಗಸೂಚಿಯಂತೆ, ಪ್ರಮೋಷನ್ ರೀಲ್ ಯಾವ ಭಾಷೆಯಲ್ಲಿದೆಯೋ ‘ಜಾಹೀರಾತು’ ಎಂಬ ಸೂಚನೆಯೂ ಅದೇ ಭಾಷೆಯಲ್ಲಿರಬೇಕು. ಕನ್ನಡ ರೀಲ್‌ಗಳಲ್ಲಿ ನಾನದನ್ನು ಕಂಡದ್ದು ಅಪರೂಪ. ದಾರಿ ತಪ್ಪಿಸುವ ಜಾಹೀರಾತಿಗೆ ಬೀಳುವ 10 ಲಕ್ಷ ರೂಪಾಯಿವರೆಗಿನ ದಂಡ ರೀಲ್ಸ್ ಮಾಡಿದವರಿಗಷ್ಟೇ ಅಲ್ಲ, ಸರಕಿನ ಒಡೆಯರಿಗೂ ತಟ್ಟುತ್ತದೆ.

ಸಣ್ಣ ಬ್ರ್ಯಾಂಡಿನವರು ಮೊದಲಿಗೇ ವರ್ಷದ ಚಂದಾ ಕಟ್ಟಬೇಡಿ. ಒಂದು ಪ್ರಮೋಷನ್‌ಗೆ ಇಷ್ಟು ಎಂದು ಮಾತಾಡಿ. ಡೆಮೊ ಕೊಡಲು ಬಂದವರಿಗೆ ನಿಮ್ಮ ಗಿರಾಕಿಗಳಿರುವ ಊರಿನ ಹೆಸರು ಹೇಳಿ, ಅಲ್ಲಿನ ಪ್ರೇಕ್ಷಕರನ್ನು ತೋರಿಸಿ ಎನ್ನಿ. ಅದರ ಬದಲು ಬೆಂಗಳೂರನ್ನೇ ತೋರಿಸಿದರೆ ಚಹಾ ಕುಡಿಸಿ ಕಳಿಸಿಬಿಡಿ.